ಲ್ಯೂನೆಬುರ್ಗ್ ಹೈಡೆಯಲ್ಲಿ ಒಂದು ದಿನದ ಸುತ್ತುನಡಿಗೆ: ಉಂಡೆಲೋದಿಂದ ವಿಲ್ಸೆಡೆಗೆ, ಮರಳಿ ಉಂಡೆಲೋಗೆ

ಜರ್ಮನಿಯ ಹ್ಯಾಂಬುರ್ಗ್ ನಗರದಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ಹೋದರೆ ಲ್ಯೂನೆಬುರ್ಗ್ ಹೈಡೆಯ ನಡುಭಾಗ ಸಿಗುತ್ತದೆ. ‘ಹೈಡೆ’ ಎಂಬ ಮಾತಿಗೆ ಸರಿಹೊಂದುವ ಒಂದೇ ಪದ ನಮ್ಮಲ್ಲಿಲ್ಲ. ಮರಳೇ ಹೆಚ್ಚಾಗಿರುವ ಬಡ ನೆಲದಲ್ಲಿ ಮೊಳಕಾಲೆತ್ತರದ ಹೀದರ್ ಗಿಡಗಳು ಒತ್ತೊತ್ತಾಗಿ ಹಬ್ಬಿ, ಅಲ್ಲಲ್ಲಿ ಕಂಬದಂತೆ ನಿಂತ ಜೂನಿಪರ್ ಪೊದೆಗಳನ್ನೂ ಬೆರಳೆಣಿಕೆಯ ಬರ್ಚ್ ಮರಗಳನ್ನೂ ಬಿಟ್ಟರೆ ಕಣ್ಣಿಗೆ ಅಡ್ಡವೇ ಇಲ್ಲದ ಬಯಲನ್ನು ಅಲ್ಲಿನವರು ಹಾಗೆ ಕರೆಯುತ್ತಾರೆ. ಬೆಟ್ಟ ಹತ್ತುವ ಅಭ್ಯಾಸವಿಲ್ಲದವರೂ, ಊರಿನಿಂದ ಬಂದ ತಂದೆತಾಯಿಯರನ್ನು ಜೊತೆಗೆ ಕರೆದುಕೊಂಡು ಹೋಗುವವರೂ ನಿಶ್ಚಿಂತೆಯಿಂದ ಮುಗಿಸಬಹುದಾದ, ಸುಮಾರು 13 ಕಿ.ಮೀ. ಉದ್ದದ ಒಂದು ಸುತ್ತುದಾರಿಯನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ಬರೀ ನಡಿಗೆಗೆ ನಾಲ್ಕು ಗಂಟೆ ಸಾಕು. ಆದರೆ ನೋಡುವುದಕ್ಕೂ ಕೂರುವುದಕ್ಕೂ ಉಣ್ಣುವುದಕ್ಕೂ ಸೇರಿಸಿ ಏಳು ಗಂಟೆಯನ್ನಾದರೂ ಎತ್ತಿಟ್ಟುಕೊಳ್ಳಬೇಕು.

ಯಾವಾಗ ಹೋಗಬೇಕು

ಹೂವಿನ ಕಾಲಕ್ಕೆ ಸ್ಥಳೀಯರು ಬಾಯಿಪಾಠವಾಗಿ ಹೇಳುವ ಲೆಕ್ಕವೊಂದಿದೆ: ಎಂಟನೆಯ ತಿಂಗಳ ಎಂಟರಿಂದ ಒಂಬತ್ತನೆಯ ತಿಂಗಳ ಒಂಬತ್ತರವರೆಗೆ, ಅಂದರೆ ಆಗಸ್ಟ್ 8ರಿಂದ ಸೆಪ್ಟೆಂಬರ್ 9. ಈ ಲೆಕ್ಕ ಸಾಮಾನ್ಯವಾಗಿ ತಪ್ಪುವುದಿಲ್ಲವಾದರೂ ಮಳೆಯನ್ನು ಅವಲಂಬಿಸಿದೆ. 2018ರ ಬೇಸಿಗೆಯಂಥ ಬರಗಾಲದಲ್ಲಿ ಗಿಡಗಳು ಒಣಗಿ, ಬಯಲಿನ ಎಷ್ಟೋ ಭಾಗ ಕಂದುಬಣ್ಣದಲ್ಲೇ ಉಳಿದಿತ್ತು. ಹೂವಿನ ಕಾಲದ ಶನಿವಾರ, ಭಾನುವಾರಗಳಲ್ಲಿ ಈ ದಾರಿಯ ನಡುವಿನ ಹಳ್ಳಿಯಾದ ವಿಲ್ಸೆಡೆಯ ಬೀದಿ ನಮ್ಮ ಜಾತ್ರೆಯ ರಥಬೀದಿಯಂತೆ ತುಂಬಿರುತ್ತದೆ. ಆದ್ದರಿಂದ ವಾರದ ನಡುವೆ ಒಂದು ದಿನ ರಜೆ ಹಾಕಿ, ಬೆಳಿಗ್ಗೆ ಒಂಬತ್ತರೊಳಗೆ ನಡಿಗೆ ಆರಂಭಿಸುವುದು ಒಳ್ಳೆಯದು. ನನ್ನನ್ನು ಕೇಳಿದರೆ, ಹೂವಿನ ಹಟವಿಲ್ಲದವರು ಅಕ್ಟೋಬರ್ ಮೊದಲ ವಾರದಲ್ಲಿ ಹೋಗಬೇಕು. ಆಗ ಹೂವೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ, ತಗ್ಗುಗಳಲ್ಲಿ ಮಂಜು ನಿಂತಿರುತ್ತದೆ, ಜೂನಿಪರ್ ಪೊದೆಗಳ ಮೇಲೆ ಹಿಂದಿನ ರಾತ್ರಿ ನೇಯ್ದ ಜೇಡರಬಲೆಗಳು ಇಬ್ಬನಿಯಿಂದ ತೂಗುತ್ತಿರುತ್ತವೆ. ಎದುರಿಗೆ ಬರುವ ಜನವೂ ಕಡಿಮೆ.

ಹೋಗುವ ಬಗೆ ಮತ್ತು ಕಟ್ಟಿಕೊಳ್ಳಬೇಕಾದ ಬುತ್ತಿ

ಕಾರಿನಲ್ಲಿ ಹೋಗುವವರು ಎ7 ಹೆದ್ದಾರಿಯಲ್ಲಿ ಎಗೆಸ್ಟೋರ್ಫ್ ತಿರುವಿನಲ್ಲಿ ಇಳಿದು ಉಂಡೆಲೋ ತಲುಪಿ, ಊರಂಚಿನ ಶುಲ್ಕದ ನಿಲುಗಡೆಯಲ್ಲಿ ಕಾರು ಬಿಡಬೇಕು. ರೈಲಿನಲ್ಲಿ ಹೋಗುವವರು ಹ್ಯಾಂಬುರ್ಗ್ ಮುಖ್ಯ ನಿಲ್ದಾಣದಿಂದ ಬುಖ್‌ಹೋಲ್ಟ್ಸ್‌ವರೆಗೆ ಪ್ರಾದೇಶಿಕ ರೈಲು ಹಿಡಿಯಬಹುದು. ದೇಶದುದ್ದಕ್ಕೂ ಪ್ರಾದೇಶಿಕ ರೈಲು, ಬಸ್ಸುಗಳಿಗೆ ಸಲ್ಲುವ ‘ಡಾಯ್ಚ್‌ಲಾಂಡ್ ಟಿಕೆಟ್’ ಎಂಬ ತಿಂಗಳ ಪಾಸು ಇರುವವರಿಗೆ ಬೇರೆ ಟಿಕೆಟ್ ಬೇಡ. ಅಲ್ಲಿಂದ ಮುಂದಕ್ಕೆ ಜುಲೈ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ‘ಹೈಡೆ ಶಟಲ್’ ಎಂಬ ಉಚಿತ ಬಸ್ಸುಗಳು ಈ ಪ್ರದೇಶದ ಊರುಗಳನ್ನು ಸುತ್ತುತ್ತವೆ. ಬಸ್ಸುಗಳಿಗೆ ‘ರಿಂಗ್’ ಎಂಬ ಹೆಸರಿನಲ್ಲಿ ಹಲವು ಮಾರ್ಗಗಳಿರುವುದರಿಂದ, ಉಂಡೆಲೋಗೆ ಹೋಗುವ ರಿಂಗ್ ಯಾವುದು, ಸಂಜೆಯ ಕಡೆಯ ಬಸ್ಸು ಎಷ್ಟು ಗಂಟೆಗೆ ಎಂಬೆರಡನ್ನು ಹಿಂದಿನ ರಾತ್ರಿಯೇ ನೋಡಿ ಬರೆದಿಟ್ಟುಕೊಳ್ಳಿ. ಬಯಲಿನ ನಡುವೆ ಮೊಬೈಲ್ ಸಿಗ್ನಲ್ಲನ್ನು ನಂಬಬಾರದು.

ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು, ಟೋಪಿ, ತೆಳುವಾದ ಮಳೆಕೋಟು, ಉದ್ದ ತೋಳಿನ ಅಂಗಿ, ಸ್ವಲ್ಪ ನಗದು ಹಣ, ಇಷ್ಟು ಸಾಕು. ಬಯಲಿನಲ್ಲಿ ನೆರಳು ಅಪರೂಪ. ಸಸ್ಯಾಹಾರಿಗಳು ಚಪಾತಿ ಪಲ್ಯವನ್ನೋ ಚಿತ್ರಾನ್ನವನ್ನೋ ಕಟ್ಟಿಕೊಂಡು ಹೊರಡುವುದು ಕ್ಷೇಮ, ಏಕೆಂದರೆ ಇಲ್ಲಿನ ಹೋಟೆಲುಗಳ ಹೆಮ್ಮೆಯ ಅಡುಗೆ ಕುರಿಮಾಂಸದ್ದು. ಪಾದರಕ್ಷೆಯ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ದಾರಿಯಲ್ಲಿ ಕೆಲವೆಡೆ ಸಡಿಲ ಮರಳು, ಕೆಲವೆಡೆ ಉಂಡೆಗಲ್ಲು ಹಾಸಿದ ಹಳೆಯ ಗಾಡಿರಸ್ತೆ; ತೆಳು ಅಟ್ಟೆಯ ಶೂನಲ್ಲಿ ಆ ಕಲ್ಲುಗಳ ಮೇಲೆ ಒಂದು ಗಂಟೆ ನಡೆದರೆ ಅಂಗಾಲು ಬೇಡವೆನ್ನುತ್ತದೆ. ಮೊದಲ ಸಲ ಹೋದಾಗ ನಾನು ಮಗುವಿನ ತಳ್ಳುಗಾಡಿಯನ್ನು ಒಯ್ದಿದ್ದೆ. ಚಿಕ್ಕ ಚಕ್ರಗಳು ಅರ್ಧ ಕಿ.ಮೀ. ದಾಟುವ ಮೊದಲೇ ಮರಳಿನಲ್ಲಿ ಹೂತು, ಉಳಿದ ದಾರಿಯುದ್ದಕ್ಕೂ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಗಾಡಿ. ಎಳೆಮಕ್ಕಳಿದ್ದರೆ ಬೆನ್ನಿಗೆ ಕಟ್ಟಿಕೊಳ್ಳುವ ಚೀಲವೇ ಸರಿ.

ಮೊದಲ ಹಂತ: ಉಂಡೆಲೋದ ಚರ್ಚಿನಿಂದ ರಾಡೆನ್‌ಬಾಖ್ ಕಣಿವೆಯ ಮೂಲಕ

ನಡಿಗೆಯನ್ನು ಊರಿನ ಮಧ್ಯದ ಸಂತ ಮಗ್ಡಲೀನಳ ಚರ್ಚಿನಿಂದ ಆರಂಭಿಸಿ. ಇದರ ಮೂಲ 12ನೇ ಶತಮಾನದ್ದು. ಗೋಡೆಗೆ ಬಳಸಿರುವುದು ಹೊಲಗಳಲ್ಲಿ ಸಿಕ್ಕ ಗುಂಡುಕಲ್ಲುಗಳು; ಹಿಮಯುಗದಲ್ಲಿ ಉತ್ತರದ ಸ್ಕ್ಯಾಂಡಿನೇವಿಯಾದಿಂದ ಹಿಮನದಿಗಳು ಹೊತ್ತು ತಂದು ಸುರಿದುಹೋದ ಬಂಡೆಗಳವು. ಮರಳುನಾಡಾದ ಇಲ್ಲಿ ಕಲ್ಲು ಬೇಕೆಂದರೆ ಸಿಗುತ್ತಿದ್ದದ್ದು ಅವೇ. ಗಂಟೆಗೋಪುರವು ಚರ್ಚಿಗೆ ಅಂಟಿಕೊಳ್ಳದೆ ಪಕ್ಕದಲ್ಲಿ ಬೇರೆಯಾಗಿಯೇ, ಮರದಲ್ಲಿ ಕಟ್ಟಲ್ಪಟ್ಟು ನಿಂತಿದೆ.

ಉಂಡೆಲೋದಿಂದ ವಿಲ್ಸೆಡೆಗೆ ನೇರವಾದ ಗಾಡಿರಸ್ತೆಯೊಂದಿದೆ, ರಾಡೆನ್‌ಬಾಖ್ ಹಳ್ಳದ ಕಣಿವೆಯ ಕಾಲುದಾರಿಯೊಂದಿದೆ. ನಡೆಯುವವರು ಎರಡನೆಯದನ್ನು ಹಿಡಿಯಬೇಕು. ಮೊದಲನೆಯದರಲ್ಲಿ ಕುದುರೆಗಾಡಿಗಳ ಸಾಲು, ಅದರ ಹಿಂದೆ ಧೂಳು ಮತ್ತು ಲದ್ದಿ. ಆದರೆ ಮಂಡಿನೋವಿರುವ ಹಿರಿಯರನ್ನು ಅದೇ ಕುದುರೆಗಾಡಿಯಲ್ಲಿ ಕೂರಿಸಿ ಕಳಿಸಿ, ನೀವು ಕಣಿವೆಯಲ್ಲಿ ನಡೆದು ಹೋಗಿ ವಿಲ್ಸೆಡೆಯಲ್ಲಿ ಅವರನ್ನು ಸೇರಿಕೊಳ್ಳುವ ಏರ್ಪಾಡು ಎಲ್ಲರಿಗೂ ಹಿತವಾದೀತು. ಹ್ಯಾಂಬುರ್ಗ್‌ನಿಂದ ಸೆಲ್ಲೆಯವರೆಗೆ 223 ಕಿ.ಮೀ. ಸಾಗುವ ‘ಹೈಡ್‌ಶ್ನುಕೆನ್‌ವೇಗ್’ ಎಂಬ ದೂರದ ಕಾಲುದಾರಿ ಈ ಎರಡೂ ಊರುಗಳನ್ನು ಹಾದು ಹೋಗುವುದರಿಂದ ಅದರ ಬಿಳಿಯ ‘ಎಚ್’ ಗುರುತು ಮರಗಳ ಮೇಲೆ, ಕಂಬಗಳ ಮೇಲೆ ಕಾಣಿಸುತ್ತದೆ. ಕವಲುಗಳಲ್ಲಿ ಊರಿನ ಹೆಸರು ಮತ್ತು ದೂರ ಬರೆದ ಮರದ ಕೈಕಂಬಗಳೂ ಇವೆ.

ಕಣಿವೆಯಲ್ಲಿ ಬೇಲಿಯಾಚೆ ಕೆಂಪು ಬಣ್ಣದ ದನಗಳೂ, ಡ್ಯುಲ್ಮೆನ್ ತಳಿಯ ಗಿಡ್ಡ ಕುದುರೆಗಳೂ ಮೇಯುತ್ತಿರುತ್ತವೆ. ಅವು ಯಾರೋ ರೈತರು ಬಿಟ್ಟು ಮರೆತ ಜಾನುವಾರುಗಳಲ್ಲ. ಕಣಿವೆಯ ಹುಲ್ಲುಗಾವಲು ಮರಗಳಿಂದ ಮುಚ್ಚಿಹೋಗದಂತೆ ತಿಂದು ಕಾಯಲೆಂದೇ ಅವನ್ನು ಅಲ್ಲಿ ಇರಿಸಲಾಗಿದೆ. ತೇವವಿರುವ ಜಾಗಗಳಲ್ಲಿ, ಜುಲೈ ತಿಂಗಳಲ್ಲೇ, ತೆಳುಗುಲಾಬಿ ಗಂಟೆಗಳಂಥ ಹೂಗೊಂಚಲು ಕಂಡರೆ ಅದು ‘ಗಂಟೆ ಹೀದರ್’; ಒಣ ಬಯಲಿನ ನೇರಳೆ ಹೀದರ್‌ಗೂ ಅದಕ್ಕೂ ವ್ಯತ್ಯಾಸವಿದೆ.

ನಡುವೆ ಒಂದು ಮಾತು: ಈ ಬಯಲು ಹೇಗೆ ಆಯಿತು

ಈ ನಡಿಗೆಯಲ್ಲಿ ಕಾಣುವುದರ ಅರ್ಧದಷ್ಟು ಇದನ್ನು ತಿಳಿಯದಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನೋಡುವುದಕ್ಕೆ ಆದಿಕಾಲದ ಪ್ರಕೃತಿಯಂತೆ ತೋರುವ ಈ ಬಯಲು ವಾಸ್ತವದಲ್ಲಿ ರೈತರು ಸಾವಿರಾರು ವರ್ಷ ದುಡಿಸಿಕೊಂಡು ಬಳಲಿಸಿದ ನೆಲ. ಕಾಡು ಕಡಿದು, ಸುಟ್ಟು, ಕುರಿ ಮೇಯಿಸಿದ ಮೇಲೆ ಮರಳಿನ ಸಾರವೆಲ್ಲ ಮಳೆನೀರಿನೊಂದಿಗೆ ಕೆಳಗಿಳಿದು, ಹೀದರ್ ಬಿಟ್ಟರೆ ಬೇರೇನೂ ಬೆಳೆಯದ ಸ್ಥಿತಿ ಬಂತು. ಆ ಹೀದರನ್ನೂ ರೈತರು ಬಿಡಲಿಲ್ಲ. ಅಗಲವಾದ ಗುದ್ದಲಿಯಿಂದ ಗಿಡ, ಬೇರು, ಮೇಲ್ಮಣ್ಣು ಸಮೇತ ಚಪ್ಪಡಿಯಂತೆ ಕೆತ್ತಿ ತೆಗೆದು ಕೊಟ್ಟಿಗೆಗೆ ಹಾಸುತ್ತಿದ್ದರು. ಸಗಣಿ, ಗಂಜಲ ಕುಡಿದ ಆ ಹಾಸನ್ನು ಮರುವರ್ಷ ರೈ ಎಂಬ ಧಾನ್ಯ ಬೆಳೆಯುವ ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಿದ್ದರು. ಹೀಗೆ ಕೆತ್ತಿದ ಚಪ್ಪಡಿಗೆ ‘ಪ್ಲಾಗೆನ್’ ಎಂದು ಹೆಸರು. ಮಲೆನಾಡಿನ ಅಡಿಕೆ ಬೆಳೆಗಾರರು ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಕೊಟ್ಟಿಗೆಗೆ ಹಾಸಿ ತೋಟಕ್ಕೆ ಹಾಕುವ ಪದ್ಧತಿಯನ್ನು ಬಲ್ಲವರಿಗೆ ಇದು ಕೂಡಲೇ ಅರ್ಥವಾದೀತು. ವ್ಯತ್ಯಾಸವೆಂದರೆ ಇಲ್ಲಿ ಸೊಪ್ಪಿನ ಜೊತೆಗೆ ಮಣ್ಣೂ ಎದ್ದು ಹೋಗುತ್ತಿತ್ತು. ಸಣ್ಣದೊಂದು ಹೊಲವನ್ನು ಸಾಕಲು ಅದರ ಹಲವು ಪಟ್ಟು ಬಯಲು ಬೇಕಾಗುತ್ತಿತ್ತು.

ಆಮದು ಗೊಬ್ಬರ, ಅಗ್ಗದ ಉಣ್ಣೆ ಬಂದ ಮೇಲೆ 19ನೇ ಶತಮಾನದಲ್ಲಿ ಈ ಬೇಸಾಯ ಕುಸಿಯಿತು, ಬಯಲಿನಲ್ಲಿ ಪೈನ್ ಮರಗಳನ್ನು ನೆಡುವ ಕೆಲಸ ಶುರುವಾಯಿತು. ಎಗೆಸ್ಟೋರ್ಫ್ ಊರಿನ ಪಾದ್ರಿ ವಿಲ್‌ಹೆಲ್ಮ್ ಬೋಡೆ 1906ರಲ್ಲಿ, ಪ್ರಾಧ್ಯಾಪಕರೊಬ್ಬರ ಹಣದ ನೆರವಿನಿಂದ, ಟೋಟೆನ್‌ಗ್ರುಂಡ್ ಎಂಬ ತಗ್ಗನ್ನು ಕೊಂಡು ಉಳಿಸಿದರು; 1909ರಲ್ಲಿ ಮ್ಯೂನಿಕ್‌ನಲ್ಲಿ ಸ್ಥಾಪನೆಯಾದ ನಿಸರ್ಗ ಸಂರಕ್ಷಣಾ ಸಂಘ ಮರುವರ್ಷ ವಿಲ್ಸೆಡರ್ ಬೆರ್ಗ್ ಗುಡ್ಡವನ್ನು ಕೊಂಡಿತು. ಇಂದು ಈ ಸಂರಕ್ಷಿತ ಪ್ರದೇಶದ ವಿಸ್ತಾರ ಸುಮಾರು 234 ಚದರ ಕಿ.ಮೀ. ಬೇಸಾಯ ನಿಂತಿದ್ದರಿಂದ ರೈತರ ಕೆಲಸವನ್ನೆಲ್ಲ ಈಗ ಸಂರಕ್ಷಕರೇ ಮಾಡಬೇಕಾಗಿದೆ. ಹಾಗೆ ಮಾಡದಿದ್ದರೆ ಕೆಲವೇ ದಶಕಗಳಲ್ಲಿ ಬರ್ಚ್ ಮತ್ತು ಪೈನ್ ಎದ್ದು ಇದೆಲ್ಲ ಕಾಡಾಗಿಬಿಡುತ್ತದೆ. ದಾರಿಯ ಬದಿಯಲ್ಲಿ ಚರ್ಮ ಸುಲಿದಂತೆ ಬೋಳಾದ ಚೌಕಗಳೂ ಚಳಿಗಾಲದಲ್ಲಿ ಸುಟ್ಟ ಕರಿಯ ಪಟ್ಟಿಗಳೂ ಕಂಡರೆ ಯಾರೋ ಹಾಳು ಮಾಡಿದ್ದಾರೆಂದು ಮರುಗಬೇಡಿ. ಹಳೆಯ ಗಿಡ ಹೋಗಿ ಹೊಸದು ಚಿಗುರಲೆಂದು ಯಂತ್ರದಿಂದ ಕೆತ್ತಿದ, ಬೇಕೆಂದೇ ಸುಟ್ಟ ಜಾಗಗಳವು.

ಎರಡನೆಯ ಹಂತ: ವಿಲ್ಸೆಡೆಯನ್ನು ದಾಟಿ ಟೋಟೆನ್‌ಗ್ರುಂಡ್‌ಗೆ

ಕಣಿವೆಯಿಂದ ಮೇಲೇರಿ, ಒಟ್ಟು ನಾಲ್ಕೈದು ಕಿ.ಮೀ. ನಡೆದ ಮೇಲೆ, ದೊಡ್ಡ ಓಕ್ ಮರಗಳ ಗುಂಪೊಂದು ಬಯಲಿನಲ್ಲಿ ದ್ವೀಪದಂತೆ ಕಾಣುತ್ತದೆ, ಅದೇ ವಿಲ್ಸೆಡೆ. ಇಲ್ಲಿನ ಹಳ್ಳಿಗರು ಮನೆಯ ಸುತ್ತ ಓಕ್ ಬೆಳೆಸುತ್ತಿದ್ದುದು ನೆರಳಿಗಾಗಿ, ಮನೆಕಟ್ಟುವ ತೊಲೆಗಳಿಗಾಗಿ, ಹಂದಿಗಳ ಮೇವಿನ ಕಾಯಿಗಳಿಗಾಗಿ. ಊರಿಗೆ ಬಂದ ಕೂಡಲೇ ಕೂರುವ ಆಸೆಯಾದರೂ ನಿಲ್ಲದೆ ದಕ್ಷಿಣಕ್ಕೆ ಮುಂದುವರಿಯಿರಿ. ಸುಮಾರು ಒಂದು ಕಿ.ಮೀ. ದೂರದಲ್ಲಿ ಟೋಟೆನ್‌ಗ್ರುಂಡ್ ಇದೆ, ಮತ್ತು ಅದನ್ನು ಬೆಳಗಿನ ಓರೆಬಿಸಿಲಿನಲ್ಲಿ ನೋಡಬೇಕು. ಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಅದರ ಏರುತಗ್ಗೆಲ್ಲ ಚಪ್ಪಟೆಯಾಗಿ ಕಾಣುತ್ತದೆ.

ಟೋಟೆನ್‌ಗ್ರುಂಡ್ ಎಂದರೆ ಸತ್ತವರ ತಗ್ಗು. ವಿಲ್ಸೆಡೆಯಲ್ಲಿ ಸತ್ತವರನ್ನು ಬಿಸ್ಪಿಂಗೆನ್ ಚರ್ಚಿಗೆ ಈ ದಾರಿಯಲ್ಲಿ ಒಯ್ಯುತ್ತಿದ್ದರು ಎಂದು ಕೆಲವರ ವಿವರಣೆ; ಏನೂ ಬೆಳೆಯದ ಸತ್ತ ನೆಲ ಎಂಬುದೇ ಅರ್ಥ ಎಂದು ಇನ್ನು ಕೆಲವರದು. ಬೋಗುಣಿಯಂತೆ ಒಳಬಾಗಿದ ಈ ತಗ್ಗಿನ ಅಂಚಿನಲ್ಲಿ ನಿಂತರೆ ಹೀದರ್‌ನ ಮೇಲೆ ನೂರಾರು ಜೂನಿಪರ್‌ಗಳು ಗುಂಪುಗುಂಪಾಗಿ, ಕಂಬಳಿ ಹೊದ್ದ ಜನರಂತೆ ತೋರುತ್ತವೆ. ಕುರಿಗಳು ಮುಳ್ಳಿಗೆ ಹೆದರಿ ಜೂನಿಪರನ್ನು ಮುಟ್ಟುವುದಿಲ್ಲ, ಆದ್ದರಿಂದ ಅದು ಉಳಿದಿದೆ. ತಗ್ಗಿನೊಳಕ್ಕೆ ಇಳಿಯುವಂತಿಲ್ಲ, ಅಂಚಿನ ಬೆಂಚಿನ ಮೇಲೆ ಕುಳಿತು ನೋಡಿದರಾಯಿತು.

ಕೂತಾಗ ಒಂದು ಹೀದರ್ ರೆಂಬೆಯನ್ನು ಕೀಳದೆ, ಬಾಗಿ ನೋಡಿ. ದೂರದಿಂದ ನೇರಳೆ ಜಮಖಾನದಂತೆ ಕಾಣುವುದು ಹತ್ತಿರದಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ಸಾವಿರ ಬಿಡಿ ಹೂಗಳು. ಎಲೆಯಂತೂ ಹುರುಪೆಯಷ್ಟು ಸಣ್ಣದು, ಕಾಂಡಕ್ಕೆ ಜಡೆ ಹೆಣೆದಂತೆ ಅಂಟಿಕೊಂಡಿರುತ್ತದೆ. ಬಿಸಿಲೇರಿದ ಮೇಲೆ ಇಡೀ ಬಯಲೇ ತಂಬೂರಿ ಮೀಟಿದಂತೆ ಗುಂಯ್‌ಗುಡುವುದು ಜೇನುಹುಳಗಳಿಂದ.

ಮೂರನೆಯ ಹಂತ: ವಿಲ್ಸೆಡೆಯಲ್ಲಿ ಮಧ್ಯಾಹ್ನ

ಬಂದ ದಾರಿಯಲ್ಲೇ ಮರಳಿ ವಿಲ್ಸೆಡೆಗೆ ಬನ್ನಿ. ಇಲ್ಲಿ ಹೊರಗಿನ ಕಾರುಗಳಿಗೆ ಪ್ರವೇಶವಿಲ್ಲ. ಕಿವಿಗೆ ಬೀಳುವುದು ಗೊರಸಿನ ಸದ್ದು, ಉಂಡೆಗಲ್ಲಿನ ಮೇಲೆ ಉರುಳುವ ಗಾಡಿಯ ಸದ್ದು ಮಾತ್ರ. ಊಟಕ್ಕೆ ಮೊದಲು ‘ಡಾಟ್ ಓಲೆ ಹೂಸ್’, ಅಂದರೆ ಆ ನಾಡಿನ ಆಡುಮಾತಿನಲ್ಲಿ ‘ಹಳೆಯ ಮನೆ’, ಎಂಬ ವಸ್ತುಸಂಗ್ರಹಾಲಯವನ್ನು ನೋಡಲೇಬೇಕು. ಬರ್ನ್‌ಹಾರ್ಡ್ ಡಾಗೆಫೋರ್ಡೆ ಎಂಬ ಶಾಲಾಮಾಸ್ತರರ ಪ್ರಯತ್ನದಿಂದ ಹಾನ್‌ಸ್ಟೆಟ್ ಊರಿನ ಹಳೆಯ ರೈತಮನೆಯೊಂದನ್ನು ಬಿಚ್ಚಿ ತಂದು 1907ರಲ್ಲಿ ಇಲ್ಲಿ ನಿಲ್ಲಿಸಲಾಯಿತು. ಒಂದೇ ದೊಡ್ಡ ಹುಲ್ಲುಚಾವಣಿಯ ಕೆಳಗೆ ಮನುಷ್ಯರೂ ದನಕರುಗಳೂ ಇರುತ್ತಿದ್ದ ಮನೆ ಅದು: ನಡುವೆ ಗಾಡಿ ಒಳಗೆ ಬರುವಷ್ಟು ಅಗಲದ ಅಂಕಣ, ಎರಡೂ ಬದಿಗೆ ಕೊಟ್ಟಿಗೆ, ಕೊನೆಯಲ್ಲಿ ಒಲೆ ಮತ್ತು ವಾಸದ ಜಾಗ. ಹೊಗೆಗೂಡು ಇರಲಿಲ್ಲ; ಒಲೆಯ ಹೊಗೆ ಮೇಲೇರಿ ತೊಲೆಗಳಿಗೆ ತೂಗುಹಾಕಿದ ಮಾಂಸವನ್ನು ಕೆಡದಂತೆ ಕಾಯುತ್ತಿತ್ತು. ಮಲೆನಾಡಿನ ಹಳೆಯ ಅಡುಗೆಮನೆಯ ಅಟ್ಟವನ್ನು ಕಂಡವರಿಗೆ ಆ ಕಪ್ಪು ಮಿರುಗುವ ತೊಲೆಗಳು ಹೊಸದೇನೂ ಅನ್ನಿಸಲಾರವು.

ಊಟಕ್ಕೆ ಊರಿನಲ್ಲಿ ಹೋಟೆಲುಗಳಿವೆ. ಬುತ್ತಿ ತಂದವರು ಕೂಡ ಬಕ್‌ವೀಟ್ ಕೇಕನ್ನು ಒಂದು ತುಂಡು ರುಚಿ ನೋಡಬಹುದು. ಹೆಸರಿನಲ್ಲಿ ಗೋಧಿಯಿದ್ದರೂ ಅದು ಗೋಧಿಯಲ್ಲ. ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಕುಟ್ಟು ಎಂಬ ಕಾಳೇ ಅದು, ಬಡ ಮರಳಿನಲ್ಲೂ ಬೆಳೆಯುತ್ತದೆಂದು ಇಲ್ಲಿಯವರು ಬೆಳೆಯುತ್ತಿದ್ದರು. ಪದರಗಳ ನಡುವೆ ಕೆನೆ, ಹುಳಿಮಿಶ್ರಿತ ಕಾಡುಹಣ್ಣಿನ ಜಾಮ್. ಇದಕ್ಕೆ ಮೊಟ್ಟೆ ಹಾಕಿರುತ್ತಾರೆ, ತಿನ್ನದವರು ಗಮನಿಸಬೇಕು.

ಕುರಿಮಂದೆ ಕಂಡರೆ ಪುಣ್ಯ. ಹೈಡ್‌ಶ್ನುಕೆ ಎಂಬ ಈ ತಳಿಯ ಕುರಿಗಳ ಮೈ ಬೂದು, ಮುಖ ಮತ್ತು ಕಾಲು ಕಪ್ಪು, ಕೊಂಬು ಸುರುಳಿ. ಮರಿಗಳು ಹುಟ್ಟುವಾಗ ಪೂರ್ತಿ ಕಪ್ಪಾಗಿರುತ್ತವೆ. ನಮ್ಮ ಡೆಕ್ಕನಿ ಕುರಿಯಂತೆ ಇವುಗಳದ್ದೂ ಒರಟು ಉಣ್ಣೆ. ಮೈಗೆ ಒಪ್ಪುವ ಬಟ್ಟೆಗೆ ಬಾರದು. ಹೀದರ್‌ನ ತುದಿಯನ್ನೂ ಬರ್ಚ್‌ನ ಎಳೆ ಸಸಿಯನ್ನೂ ಅವು ಕತ್ತರಿಸಿ ತಿನ್ನುವಾಗ ಒಣ ಹುಲ್ಲು ಮುರಿಯುವಂಥ ಸದ್ದು ಇಡೀ ಮಂದೆಯಿಂದ ಒಟ್ಟಾಗಿ ಕೇಳಿಬರುತ್ತದೆ. ತೋಳಗಳು ಈ ನಾಡಿಗೆ ಮರಳಿರುವುದರಿಂದ ಮಂದೆಯ ಸುತ್ತ ವಿದ್ಯುತ್ ಬೇಲಿ ಇರಬಹುದು. ಮುಟ್ಟಬೇಡಿ, ಮಂದೆಯ ನಾಯಿಗಳ ಹತ್ತಿರ ಹೋಗಬೇಡಿ.

ನಾಲ್ಕನೆಯ ಹಂತ: ವಿಲ್ಸೆಡರ್ ಬೆರ್ಗ್

ಊರಿನಿಂದ ಪಶ್ಚಿಮಕ್ಕೆ ಸುಮಾರು ಒಂದೂವರೆ ಕಿ.ಮೀ. ನಿಧಾನವಾಗಿ ಏರುವ ಅಗಲ ದಾರಿ ನಿಮ್ಮನ್ನು 169 ಮೀಟರ್ ಎತ್ತರದ ಗುಡ್ಡದ ನೆತ್ತಿಗೆ ತಲುಪಿಸುತ್ತದೆ. ನಂದಿಬೆಟ್ಟ ಹತ್ತಿದವರಿಗೆ ನಗು ಬಂದರೆ ತಪ್ಪಲ್ಲ. ಆದರೆ ಜರ್ಮನಿಯ ವಾಯವ್ಯ ಬಯಲುಸೀಮೆಯಲ್ಲಿ ಇದಕ್ಕಿಂತ ಎತ್ತರದ ಜಾಗವಿಲ್ಲ, ಹಿಮನದಿಯೊಂದು ತಳ್ಳಿ ಗುಡ್ಡೆಹಾಕಿದ ಮರಳು, ಜಲ್ಲಿಯ ರಾಶಿಯೇ ಇದು. ಸುತ್ತ ತಡೆಯಿಲ್ಲದ ಕಾರಣಕ್ಕೇ ಗಣಿತಜ್ಞ ಕಾರ್ಲ್ ಫ್ರೀಡ್ರಿಖ್ ಗಾಸ್ 1820ರ ದಶಕದಲ್ಲಿ ಹನೋವರ್ ರಾಜ್ಯದ ಭೂಮಾಪನ ಮಾಡಿದಾಗ ಈ ಗುಡ್ಡವನ್ನು ತನ್ನ ತ್ರಿಕೋನ ಜಾಲದ ಒಂದು ಬಿಂದುವಾಗಿ ಬಳಸಿದ್ದ. ಆಕಾಶ ತಿಳಿಯಾಗಿದ್ದರೆ ಉತ್ತರದಲ್ಲಿ ಹ್ಯಾಂಬುರ್ಗ್‌ನ ಗೋಪುರಗಳು ಕಾಣುತ್ತವೆ. ಗಾಳಿ ಜೋರಿರುತ್ತದೆ, ಬೆವರು ಆರುವ ಮೊದಲೇ ಕೋಟು ಹಾಕಿಕೊಳ್ಳಿ. ಗುಡುಗು ಕೇಳಿದ ದಿನ ಈ ಹಂತವನ್ನೇ ಬಿಟ್ಟುಬಿಡಬೇಕು.

ಐದನೆಯ ಹಂತ: ಮರಳಿ ಉಂಡೆಲೋಗೆ

ಗುಡ್ಡದಿಂದ ಈಶಾನ್ಯಕ್ಕೆ, ಕೈಕಂಬಗಳಲ್ಲಿ ಉಂಡೆಲೋ ಹೆಸರನ್ನು ಹಿಡಿದು ಸುಮಾರು ಐದು ಕಿ.ಮೀ. ಇಳಿದರೆ ಸುತ್ತು ಪೂರ್ಣವಾಗುತ್ತದೆ. ಮೊದಲು ಬಯಲು, ಆಮೇಲೆ ಪೈನ್ ಕಾಡು, ವಿವರಿಸುವಂಥದ್ದು ಹೆಚ್ಚಿಲ್ಲ. ಕಡೆಯ ಬಸ್ಸು ಹಿಡಿಯಬೇಕಾದವರು ಗುಡ್ಡದ ನೆತ್ತಿಯನ್ನು ಎರಡು ಗಂಟೆ ಮುಂಚಿತವಾಗಿ ಬಿಡಬೇಕು.

ಮರೆಯಬಾರದ ಕೆಲವು ನಿಯಮಗಳು

ಗುರುತಿಸಿದ ದಾರಿ ಬಿಟ್ಟು ಹೀದರ್‌ನೊಳಗೆ ಕಾಲಿಡುವುದು, ಫೋಟೋಕ್ಕಾಗಿಯಾದರೂ, ನಿಷಿದ್ಧ. ನೆಲದ ಮೇಲೆ ಗೂಡು ಕಟ್ಟುವ ಕಪ್ಪು ಗ್ರೌಸ್ ಕೋಳಿಯಂಥ ಅಳಿವಿನಂಚಿನ ಹಕ್ಕಿಗಳು ಇಲ್ಲಿವೆ, ಆ್ಯಡರ್ ಎಂಬ ವಿಷದ ಹಾವೂ ಇದೆ. ಮಾರ್ಚ್ 1ರಿಂದ ಅಕ್ಟೋಬರ್ 31ರವರೆಗೆ ಕಾಡಿನಲ್ಲೂ ಹೈಡೆಯಲ್ಲೂ ಬೆಂಕಿ ಹಚ್ಚುವಂತಿಲ್ಲ, ಬೀಡಿ ಸಿಗರೇಟು ಸೇದುವಂತಿಲ್ಲ. ನಾಯಿಯನ್ನು ಹಗ್ಗದಲ್ಲಿ ಹಿಡಿದಿರಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಉಣುಗು. ಮಂಗನ ಕಾಯಿಲೆಯ ಸುದ್ದಿ ಕೇಳಿ ಬೆಳೆದ ಶಿವಮೊಗ್ಗ, ಉತ್ತರ ಕನ್ನಡದವರಿಗೆ ಇದನ್ನು ಒತ್ತಿ ಹೇಳಬೇಕಿಲ್ಲ. ಇಲ್ಲಿನ ಉಣುಗು ಹರಡುವುದು ಬೇರೆಯದೇ ಆದ ಲೈಮ್ ಎಂಬ ರೋಗವನ್ನು. ಪ್ಯಾಂಟಿನ ಅಂಚನ್ನು ಕಾಲುಚೀಲದೊಳಗೆ ಸೇರಿಸಿ ನಡೆಯಿರಿ. ಮನೆಗೆ ಬಂದು ಸ್ನಾನಕ್ಕೆ ಮೊದಲು ಮಂಡಿಯ ಹಿಂಬದಿ, ತೊಡೆಸಂದು, ಕಂಕುಳು, ಮಕ್ಕಳಾದರೆ ಕಿವಿಯ ಹಿಂಭಾಗ ಮತ್ತು ನೆತ್ತಿಯನ್ನೂ ಪರೀಕ್ಷಿಸಿ. ಕಚ್ಚಿಕೊಂಡಿದ್ದರೆ ಎಣ್ಣೆ ಸವರಬಾರದು, ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರವಾಗಿ ಎಳೆಯಬೇಕು. ಮುಂದಿನ ವಾರಗಳಲ್ಲಿ ಆ ಜಾಗದ ಸುತ್ತ ಕೆಂಪು ವೃತ್ತ ಹರಡಿದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಉಂಡೆಲೋದಲ್ಲಿ ಬಸ್ಸಿಗೆ ಸಮಯವಿದ್ದರೆ ಹೀದರ್ ಜೇನುತುಪ್ಪ ಮಾರುವ ಅಂಗಡಿಗೆ ಹೋಗಿ. ಹಿಂದೆ ಜೇನುಸಾಕಣೆಗಾರರು ಹುಲ್ಲಿನ ಬುಟ್ಟಿಗಳನ್ನು ಬೋರಲು ಹಾಕಿ, ಹೊರಗೆ ಸಗಣಿ ಸಾರಿಸಿ, ಹೂವಿನ ಕಾಲಕ್ಕೆ ಬಯಲಿಗೆ ತಂದಿಡುತ್ತಿದ್ದರು. ಅಂಥ ಬುಟ್ಟಿಗಳ ಸಾಲನ್ನು ಈಗಲೂ ಕೆಲವೆಡೆ ನೋಡಬಹುದು. ಈ ಜೇನು ಬೇರೆ ಜೇನಿನಂತೆ ಹರಿಯುವುದಿಲ್ಲ. ಲೋಳೆಯಂತೆ ನಿಂತಿರುತ್ತದೆ, ಚಮಚದಿಂದ ಕಲಕಿದರೆ ತೆಳ್ಳಗಾಗುತ್ತದೆ, ಹಾಗೇ ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ಈ ಕಾರಣಕ್ಕೆ ತಿರುಗಿಸುವ ಯಂತ್ರದಲ್ಲಿ ತೆಗೆಯಲು ಬಾರದೆ ಹಿಂಡಿ ತೆಗೆಯುತ್ತಿದ್ದರು. ರುಚಿಯಲ್ಲಿ ತುಸು ಕಹಿ ಇದೆ. ಊರಿಗೆ ಒಯ್ಯುವುದಾದರೆ ಕೈಚೀಲದಲ್ಲಿಟ್ಟು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಕಳೆದುಕೊಳ್ಳಬೇಡಿ, ದೊಡ್ಡ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಸುತ್ತಿಡಿ.